ಅಪ್‌ಡೇಟ್ ಅರ್ಧಕ್ಕೆ ನಿಂತರೆ ಯಾವ ಸರ್ವರ್ ಬೇಗ ಎದ್ದೇಳುತ್ತದೆ? ಉಬುಂಟು, ಡೆಬಿಯನ್, ಆಲ್ಮಾ, ವಿಂಡೋಸ್ ಹೋಲಿಕೆ

ರಾಯಚೂರು ಗಂಜ್‌ನ ಹತ್ತಿ ವ್ಯಾಪಾರಿ, ಗಂಗಾವತಿ ಅಥವಾ ಸಿಂಧನೂರಿನ ರೈಸ್ ಮಿಲ್, ಬಳ್ಳಾರಿಯ ಜೀನ್ಸ್ ಘಟಕ, ಕೊಪ್ಪಳದ ಖಾಸಗಿ ಆಸ್ಪತ್ರೆ: ಹೊಸ ಸರ್ವರ್ ತರುವಾಗ ಎಲ್ಲರೂ ಕೇಳುವುದು ಒಂದೇ ಮಾತು. ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕಿದರೆ ಅಪ್‌ಡೇಟ್ ಕಾಟ ಕಡಿಮೆ? ಅಪ್‌ಡೇಟ್‌ನಲ್ಲಿ ಎಂದೂ ಕೈಕೊಡದ ಓಎಸ್ ಯಾವುದೂ ಇಲ್ಲ. ಎಷ್ಟು ಸಲ ಕೆಡುತ್ತದೆ ಎಂದು ಹೋಲಿಸುವುದಕ್ಕಿಂತ ಕೆಟ್ಟ ಮೇಲೆ ಏನಾಗುತ್ತದೆ ಎಂದು ಹೋಲಿಸುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅರ್ಧಕ್ಕೆ ನಿಂತ ಅಪ್‌ಡೇಟ್ ಮಷಿನ್ನನ್ನು ಯಾವ ಸ್ಥಿತಿಯಲ್ಲಿ ಬಿಡುತ್ತದೆ? ನಿನ್ನೆಯ ಸ್ಥಿತಿಗೆ ಮರಳಲು ದಾರಿ ಇದೆಯೇ? ಆ ದಾರಿಯನ್ನು ಓಎಸ್ ಹಾಕಿದ ದಿನವೇ ಮಾಡಿಟ್ಟಿರಬೇಕೇ, ಕೆಟ್ಟ ರಾತ್ರಿಯೂ ಮಾಡಿಕೊಳ್ಳಬಹುದೇ?

ನಮ್ಮ ಮೂರು ಜಿಲ್ಲೆಗಳಲ್ಲಿ ಈ ಪ್ರಶ್ನೆಗಳಿಗೆ ತೂಕ ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಹೇಳದೆ ಹೋಗುವ ಕರೆಂಟು, ನಡುನಡುವೆ ಕಡಿಯುವ ಬ್ರಾಡ್‌ಬ್ಯಾಂಡ್. ಪೂರ್ಣಾವಧಿ ಸಿಸ್ಟಮ್ ಅಡ್ಮಿನ್ ಇಟ್ಟುಕೊಂಡಿರುವ ಸಣ್ಣ ಕಚೇರಿಗಳೂ ಅಪರೂಪ. ಬೆಂಗಳೂರಿನ ಡೇಟಾ ಸೆಂಟರಿಗೆ ಒಪ್ಪುವ ಸಲಹೆ ಇಲ್ಲಿ ಹಾಗೆಯೇ ನಡೆಯುವುದಿಲ್ಲ.

ಕಮಾಂಡ್‌ಗಳನ್ನು ಮುಂದೆ ಬಾಯಲ್ಲಿ ಹೇಳುವ ಹಾಗೆಯೇ ಬರೆದಿದೆ. ಟೈಪ್ ಮಾಡುವಾಗ ಆಯಾ ಓಎಸ್‌ನ ಮ್ಯಾನುಯಲ್ ಪುಟದಲ್ಲಿ ಸ್ಪೆಲಿಂಗ್ ನೋಡಿಕೊಳ್ಳಿ.

ಓಎಸ್ ಮೇಲೆ ತಪ್ಪು ಹೊರಿಸುವ ಮುನ್ನ

ಮೊದಲು ಗಡಿಯಾರ ನೋಡಿ. ರಾತ್ರಿ ಮೇನ್ ಸ್ವಿಚ್ಚನ್ನೇ ಆಫ್ ಮಾಡುವ ಕಚೇರಿಗಳಲ್ಲಿ ಮದರ್‌ಬೋರ್ಡಿನ ಸಿಆರ್ 2032 ಸೆಲ್ ಬೇಗ ಖಾಲಿಯಾಗುತ್ತದೆ. ಬೆಳಿಗ್ಗೆ ಆನ್ ಮಾಡಿದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಲಿನಕ್ಸ್ ಬಗೆಗಳಾದ ಉಬುಂಟು, ಡೆಬಿಯನ್‌ಗಳಲ್ಲಿ ಪ್ಯಾಕೇಜ್ (ಸಾಫ್ಟ್‌ವೇರ್ ಕಟ್ಟು) ತಂದು ಹಾಕುವ ಆಪ್ಟ್ ಕಮಾಂಡ್ ‘ಈ ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂಬ ಅರ್ಥದ ದೋಷ ತೋರಿಸುತ್ತದೆ. ಇನ್ನೊಂದು ಲಿನಕ್ಸ್ ಕುಟುಂಬದ ಆಲ್ಮಾ, ರಾಕಿಯಲ್ಲಿ ಅದೇ ಕೆಲಸ ಮಾಡುವ ಡಿಎನ್‌ಎಫ್ ಸರ್ಟಿಫಿಕೇಟ್ ಸರಿಯಿಲ್ಲ ಎನ್ನುತ್ತದೆ. ವಿಂಡೋಸ್‌ನಲ್ಲಿ 80072ಎಫ್8ಎಫ್ ಎಂಬ ಕೋಡ್ ಬರುತ್ತದೆ. ಮೂರೂ ಬೇರೆ ಬೇರೆ ಮಾತು ಆಡಿದರೂ ರೋಗ ಒಂದೇ. ಇದನ್ನು ನೋಡದೆ ಮಿರರ್ (ಅಪ್‌ಡೇಟ್ ಇಳಿಸಿಕೊಳ್ಳುವ ಸರ್ವರ್) ಬದಲಿಸುವುದು, ಕೀಗಳನ್ನು ಅಳಿಸುವುದು, ಸಿಗ್ನೇಚರ್ ಪರೀಕ್ಷೆಯನ್ನೇ ಆಫ್ ಮಾಡುವುದು ಎಲ್ಲ ದಾರಿ ತಪ್ಪಿದ ಕೆಲಸ, ಕೊನೆಯದಂತೂ ಅಪಾಯ. ಸೆಲ್ ಬದಲಿಸಿ, ಬಯೋಸ್‌ನಲ್ಲಿ ಸಮಯ ಸರಿಪಡಿಸಿ. ಆಮೇಲೆ ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್, ವಿಂಡೋಸ್‌ನಲ್ಲಿ ಡಬ್ಲ್ಯು32ಟಿಎಂ ಓಡಿಸಿ, ಸಮಯ ಸಿಂಕ್ ಆಗುತ್ತಿದೆ ಎಂದು ಖಚಿತಪಡಿಸಿಕೊಳ್ಳಿ.

ಎರಡನೆಯದು ಡಿಸ್ಕ್ ಜಾಗ. ಲಿನಕ್ಸ್‌ನಲ್ಲಿ ಡಿಎಫ್ ಓಡಿಸಿದಾಗ ರೂಟ್ ಪಾರ್ಟಿಷನ್ ಒಂದನ್ನೇ ನೋಡಬೇಡಿ. ಬೂಟ್ ಪಾರ್ಟಿಷನ್ ಮತ್ತು ವಾರ್ ಫೋಲ್ಡರ್ ಎರಡನ್ನೂ ನೋಡಿ. ಡಿಎಫ್‌ಗೆ ಐ ಆಯ್ಕೆ ಕೊಟ್ಟು ಐನೋಡ್ (ಪ್ರತಿ ಫೈಲಿಗೂ ಬೇಕಾಗುವ ನಮೂದು) ತುಂಬಿದೆಯೇ ಎಂದೂ ನೋಡಿ. ಜಾಗ ಇದ್ದೂ ಐನೋಡ್ ಮುಗಿದಿದ್ದರೆ ‘ಜಾಗ ಇಲ್ಲ’ ಎಂಬ ದೋಷವೇ ಬರುತ್ತದೆ. ನೆಟ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ಭಾರತದ ಮಿರರ್ ಇಡಿ, ದೊಡ್ಡ ಡೌನ್‌ಲೋಡ್ ರಾತ್ರಿ ಮಾಡಿ. ಡೌನ್‌ಲೋಡ್ ಮತ್ತು ಇನ್‌ಸ್ಟಾಲ್ ಎರಡನ್ನೂ ಬೇರೆ ಬೇರೆ ಮಾಡಿ. ಆಪ್ಟ್‌ನಲ್ಲೂ ಡಿಎನ್‌ಎಫ್‌ನಲ್ಲೂ ಡೌನ್‌ಲೋಡ್ ಓನ್ಲಿ ಆಯ್ಕೆ ಇದೆ. ಎಲ್ಲ ಫೈಲ್ ಕೈಗೆ ಬಂದ ಮೇಲೆ ಇನ್‌ಸ್ಟಾಲ್ ಮಾಡಿದರೆ ನೆಟ್ ಕಡಿದರೂ ನಷ್ಟವಿಲ್ಲ.

ಉಬುಂಟು ಮತ್ತು ಡೆಬಿಯನ್

ಎರಡರಲ್ಲೂ ಒಳಗೆ ಕೆಲಸ ಮಾಡುವುದು ಡಿಪಿಕೆಜಿ. ಅದರ ದೊಡ್ಡ ಗುಣವೆಂದರೆ ಪ್ರತಿ ಪ್ಯಾಕೇಜ್ ಯಾವ ಹಂತದಲ್ಲಿದೆ ಎಂದು ಬರೆದಿಡುವುದು: ಬಿಚ್ಚಿದೆ, ಅರ್ಧ ಕಾನ್ಫಿಗರ್ ಆಗಿದೆ, ಪೂರ್ತಿಯಾಗಿದೆ ಎಂದು. ನಡುವೆ ಕರೆಂಟು ಹೋದರೆ ಮತ್ತೆ ಬೂಟ್ ಮಾಡಿ, ಡಿಪಿಕೆಜಿಗೆ ಕಾನ್ಫಿಗರ್ ಆಯ್ಕೆ ಜೊತೆ ಎ ಕೊಟ್ಟು ಓಡಿಸಿ, ಅದರ ನಂತರ ಆಪ್ಟ್‌ನ ಫಿಕ್ಸ್ ಬ್ರೋಕನ್ ಇನ್‌ಸ್ಟಾಲ್ ಓಡಿಸಿ. ಬಹುಪಾಲು ಸಂದರ್ಭದಲ್ಲಿ ಇಷ್ಟಕ್ಕೇ ಬಿಟ್ಟ ಜಾಗದಿಂದ ಮುಂದುವರಿಯುತ್ತದೆ. ಕರೆಂಟು ಹೋಗುವ ಊರಿಗೆ ಇದು ದೊಡ್ಡ ಅನುಕೂಲ.

ಕಷ್ಟವಾಗುವುದು ಕರ್ನಲ್ (ಓಎಸ್‌ನ ತಿರುಳು) ಹಾಕುವಾಗ, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಫೈಲ್) ಬರೆಯುವ ಹೊತ್ತಿಗೇ ಕರೆಂಟು ಹೋದರೆ. ಬೂಟ್ ಆಗುವಾಗ ‘ರೂಟ್ ಎಫ್‌ಎಸ್ ಮೌಂಟ್ ಮಾಡಲಾಗಲಿಲ್ಲ’ ಎಂದು ಕರ್ನಲ್ ಪ್ಯಾನಿಕ್ ಬರುತ್ತದೆ. ಗಾಬರಿಯಾಗಿ ಮರು ಇನ್‌ಸ್ಟಾಲ್‌ಗೆ ಇಳಿಯಬೇಡಿ. ಉಬುಂಟುವಿನಲ್ಲಿ ಗ್ರಬ್ ಮೆನು (ಬೂಟ್ ಆಯ್ಕೆಗಳ ಪಟ್ಟಿ) ಅಡಗಿರುತ್ತದೆ. ಹಳೆ ಬಯೋಸ್ ಆದರೆ ಶಿಫ್ಟ್, ಯುಇಎಫ್‌ಐ ಆದರೆ ಎಸ್ಕೇಪ್ ಒತ್ತಿ ಅದನ್ನು ಕರೆಸಿ, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸಿ. ಮಷಿನ್ ಎದ್ದ ಮೇಲೆ ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್ ಅನ್ನು ಎಲ್ಲ ಕರ್ನಲ್‌ಗಳಿಗೂ ಓಡಿಸಿ, ಕೊನೆಗೆ ಅಪ್‌ಡೇಟ್ ಗ್ರಬ್ ಮಾಡಿ.

ಬೂಟ್ ಪಾರ್ಟಿಷನ್ ತುಂಬುವುದು ಉಬುಂಟುವಿನ ಹಳೆಯ ರೋಗ. ಮೊದಲು 512 ಎಂಬಿ ಸಾಕಾಗುತ್ತಿತ್ತು. ಫರ್ಮ್‌ವೇರ್ ಬೆಳೆದಂತೆ ಒಂದೊಂದು ಇನಿಟ್‌ರಾಮ್‌ಎಫ್‌ಎಸ್ ಫೈಲೂ ದೊಡ್ಡದಾಗಿದೆ. ಮೂರು ಕರ್ನಲ್ ಕೂಡಿದರೆ ಪಾರ್ಟಿಷನ್ ಭರ್ತಿ, ನಾಲ್ಕನೆಯದು ಅರ್ಧಕ್ಕೆ ನಿಲ್ಲುತ್ತದೆ, ಆಪ್ಟ್ ಮುಂದಿನ ಯಾವ ಕೆಲಸಕ್ಕೂ ಒಪ್ಪುವುದಿಲ್ಲ. ಆಟೋರಿಮೂವ್ ನಡೆದರೆ ಸರಿ. ಅದೂ ನಡೆಯದಿದ್ದರೆ ಯುನೇಮ್ ಆರ್ ಕೊಟ್ಟು ಈಗ ಓಡುತ್ತಿರುವ ಕರ್ನಲ್ ಯಾವುದೆಂದು ಬರೆದಿಟ್ಟುಕೊಳ್ಳಿ. ಅದನ್ನೂ ಅದರ ಹಿಂದಿನದನ್ನೂ ಬಿಟ್ಟು, ಎಲ್ಲಕ್ಕಿಂತ ಹಳೆಯ ಇನಿಟ್‌ಆರ್‌ಡಿ (ಇನಿಟ್‌ರಾಮ್‌ಎಫ್‌ಎಸ್‌ನ) ಫೈಲ್ ಒಂದನ್ನು ಮಾತ್ರ ಕೈಯಿಂದ ಅಳಿಸಿ, ಆಮೇಲೆ ಫಿಕ್ಸ್ ಬ್ರೋಕನ್ ಓಡಿಸಿ. ಇದು ಪದೇ ಪದೇ ಆಗುತ್ತಿದ್ದರೆ ಇನಿಟ್‌ರಾಮ್‌ಎಫ್‌ಎಸ್ ಕಾನ್ಫ್ ಫೈಲಿನಲ್ಲಿ ಮಾಡ್ಯೂಲ್ಸ್ ಸಾಲಿನಲ್ಲಿ ಮೋಸ್ಟ್ ಎಂದಿರುವುದನ್ನು ಡೆಪ್ ಮಾಡಿ. ಫೈಲ್ ಗಾತ್ರ ಚೆನ್ನಾಗಿ ಇಳಿಯುತ್ತದೆ. ಆದರೆ ಆ ಡಿಸ್ಕನ್ನು ಬೇರೆ ಮಷಿನ್ನಿಗೆ ಹಾಕಿದರೆ ಬೂಟ್ ಆಗದಿರಬಹುದು. ಆ ಸಾಧ್ಯತೆ ಇರುವ ಕಡೆ ಮೋಸ್ಟ್ ಆಗಿಯೇ ಬಿಡಿ, ಹೊಸದಾಗಿ ಹಾಕುವಾಗ ಬೂಟ್‌ಗೆ 2 ಜಿಬಿ ಕೊಡಿ.

ಇನ್ನೊಂದು ದೋಷ ಇಲ್ಲಿನ ಕಚೇರಿಗಳಿಗೆಂದೇ ಹೇಳಿ ಮಾಡಿಸಿದಂತಿದೆ. ಬೆಳಿಗ್ಗೆ ಸರ್ವರ್ ಆನ್ ಮಾಡಿ ಏನಾದರೂ ಇನ್‌ಸ್ಟಾಲ್ ಮಾಡಲು ಹೋದರೆ ‘ಲಾಕ್ ಸಿಗಲಿಲ್ಲ, ಅನ್‌ಅಟೆಂಡೆಡ್ ಅಪ್‌ಗ್ರೇಡ್ ಹಿಡಿದುಕೊಂಡಿದೆ’ ಎಂದು ಬರುತ್ತದೆ. ಆಪ್ಟ್‌ನ ದಿನನಿತ್ಯದ ಅಪ್‌ಗ್ರೇಡ್ ಟೈಮರ್ ಬೆಳಿಗ್ಗೆ 6ಕ್ಕೆ ಇರುತ್ತದೆ, ಅದರ ಮೇಲೆ 60 ನಿಮಿಷದವರೆಗೆ ತಡವಾಗಬಹುದು. ರಾತ್ರಿ ಮಷಿನ್ ಆಫ್ ಇದ್ದರೆ ಟೈಮರ್ ತಪ್ಪಿದ ಪಾಳಿಯನ್ನು ಆನ್ ಆದ ಮೇಲೆ ತೀರಿಸಿಕೊಳ್ಳುತ್ತದೆ. ಅಂದರೆ ಕೆಲಸ ಶುರುವಾಗುವ ಹೊತ್ತಿಗೇ ಅಪ್‌ಡೇಟೂ ಶುರು. ಲಾಕ್ ಫೈಲ್ ಅಳಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಅದನ್ನು ಕೇಳಬೇಡಿ. ಎರಡು ಡಿಪಿಕೆಜಿ ಒಟ್ಟಿಗೆ ಬರೆದರೆ ಡೇಟಾಬೇಸ್ ಕೆಡುತ್ತದೆ. ಕಾಯಿರಿ. ಶಾಶ್ವತ ಪರಿಹಾರ ಬೇಕೆಂದರೆ ಟೈಮರನ್ನು ಮಧ್ಯಾಹ್ನ ಊಟದ ಹೊತ್ತಿಗೆ ಸರಿಸಿ, ಮಾರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಪ್ಯಾಕೇಜ್‌ಗಳನ್ನು ಅನ್‌ಅಟೆಂಡೆಡ್ ಅಪ್‌ಗ್ರೇಡ್‌ನ ಬ್ಲ್ಯಾಕ್‌ಲಿಸ್ಟ್‌ಗೆ ಹಾಕಿ. ಉಬುಂಟು 24.04ರಲ್ಲಿ ನೀಡ್‌ರೀಸ್ಟಾರ್ಟ್ ತಾನಾಗಿಯೇ ಸರ್ವಿಸ್‌ಗಳನ್ನು ಮರುಚಾಲನೆ ಮಾಡುತ್ತದೆ. ಲಾರಿ ತೂಕದ ಸಾಲು ನಿಂತಿರುವಾಗ ಡೇಟಾಬೇಸ್ ಮರುಚಾಲನೆಯಾಗುವುದು ಯಾರಿಗೂ ಬೇಡ.

‘ಕೆಪ್ಟ್ ಬ್ಯಾಕ್’ ಎಂದು ಕೆಲವು ಪ್ಯಾಕೇಜ್ ಉಳಿದರೆ ಉಬುಂಟುವಿನಲ್ಲಿ ಅದು ಹೆಚ್ಚಾಗಿ ದೋಷವಲ್ಲ. ಹೊಸ ಅಪ್‌ಡೇಟನ್ನು ಹಂತಹಂತವಾಗಿ ಬಿಡುವ ಪದ್ಧತಿ ಅಲ್ಲಿದೆ. ಕೆಲವು ದಿನಕ್ಕೆ ತಾನೇ ಬರುತ್ತದೆ.

ಉಬುಂಟು, ಡೆಬಿಯನ್ ನಡುವಿನ ನಿಜವಾದ ವ್ಯತ್ಯಾಸ ಆವೃತ್ತಿ ದಾಟುವಾಗ ಕಾಣುತ್ತದೆ. ಉಬುಂಟುವಿನಲ್ಲಿ ಎಲ್‌ಟಿಎಸ್‌ (ದೀರ್ಘಾವಧಿ ಬೆಂಬಲದ ಆವೃತ್ತಿ) ಒಂದರಿಂದ ಮುಂದಿನ ಎಲ್‌ಟಿಎಸ್‌ಗೆ ಮಾತ್ರ ದಾರಿ: 20.04ರಿಂದ 24.04ಕ್ಕೆ ಹಾರಲಾಗದು, 22.04ರಲ್ಲಿ ಇಳಿದೇ ಹೋಗಬೇಕು. 22.04ಕ್ಕೆ ಸಾಮಾನ್ಯ ಬೆಂಬಲ 2027ರವರೆಗೆ, 24.04ಕ್ಕೆ 2029ರವರೆಗೆ. ಆವೃತ್ತಿ ದಾಟಿಸುವ ಡೂ ರಿಲೀಸ್ ಅಪ್‌ಗ್ರೇಡ್ ಕಮಾಂಡ್ ಹೊರಗಿನ ರೆಪೊಗಳನ್ನು (ಪ್ಯಾಕೇಜ್ ಭಂಡಾರಗಳನ್ನು) ನಿಷ್ಕ್ರಿಯಗೊಳಿಸುತ್ತದೆ. ಮುಗಿದ ಮೇಲೆ ಒಂದೊಂದಾಗಿ ಮರಳಿ ಸೇರಿಸುವುದು ನಿಮ್ಮ ಕೆಲಸ. ಎಸ್‌ಎಸ್‌ಎಚ್ ಮೂಲಕ ಮಾಡುವಾಗ ಅದು 1022ನೇ ಪೋರ್ಟ್‌ನಲ್ಲಿ ಹೆಚ್ಚುವರಿ ಬಾಗಿಲು ತೆರೆಯುತ್ತದೆ, ಫೈರ್‌ವಾಲ್‌ನಲ್ಲಿ ಅದಕ್ಕೆ ಅವಕಾಶ ಕೊಟ್ಟಿರಿ. ಡೆಬಿಯನ್‌ನಲ್ಲಿ ಅಂಥ ಸಹಾಯಕ ಪ್ರೋಗ್ರಾಂ ಇಲ್ಲ. ಸೋರ್ಸಸ್ ಫೈಲಿನಲ್ಲಿ ಹೆಸರು ಬದಲಿಸಿ, ರಿಲೀಸ್ ನೋಟ್ಸ್ ಓದಿ, ಮೊದಲು ಅಪ್‌ಗ್ರೇಡ್ ಆಮೇಲೆ ಫುಲ್ ಅಪ್‌ಗ್ರೇಡ್ ಮಾಡಬೇಕು. ಕೈಕೆಲಸ ಹೆಚ್ಚು, ಆದರೆ ಏನಾಗುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಸೋರ್ಸಸ್ ಫೈಲಿನಲ್ಲಿ ‘ಬುಕ್‌ವರ್ಮ್’ (ಡೆಬಿಯನ್ 12ರ ಹೆಸರು) ಎಂದು ಬರೆಯುವ ಬದಲು ‘ಸ್ಟೇಬಲ್’ ಎಂದು ಬರೆದಿದ್ದರೆ ಮಾತ್ರ ಗಂಡಾಂತರ: 2025ರ ಆಗಸ್ಟ್ 9ರಂದು ಡೆಬಿಯನ್ 13 ‘ಟ್ರಿಕ್ಸಿ’ ಬಂದ ಮೇಲೆ ಅಂಥ ಮಷಿನ್‌ಗಳಿಗೆ ದಿನನಿತ್ಯದ ಅಪ್‌ಗ್ರೇಡೇ 12ರಿಂದ 13ಕ್ಕೆ ದಾಟುವ ಅಪ್‌ಗ್ರೇಡಾಗಿ ಬಿಟ್ಟಿತು. ಹೆಸರನ್ನೇ ಬರೆಯಿರಿ.

ಆವೃತ್ತಿ ದಾಟಿದ ಮೇಲೆ ಪೋಸ್ಟ್‌ಗ್ರೆಸ್ ನೋಡಿ. ಡೆಬಿಯನ್ 12ರಲ್ಲಿ 15, 13ರಲ್ಲಿ 17. ಹಳೆಯ ಕ್ಲಸ್ಟರ್ (ನಿಮ್ಮ ಡೇಟಾ ಇರುವ ಡೇಟಾಬೇಸ್ ಗುಂಪು) ತನ್ನ ಪೋರ್ಟಿನಲ್ಲೇ ಉಳಿದು, ಹೊಸದು ಖಾಲಿಯಾಗಿ 5433ರಲ್ಲಿ ಏಳುತ್ತದೆ. ‘ಡೇಟಾ ಎಲ್ಲ ಹೋಯಿತು’ ಎಂಬ ಭಯ ಹುಟ್ಟುವುದು ಈ ಖಾಲಿ ಕ್ಲಸ್ಟರನ್ನು ತೆರೆದು ನೋಡಿದಾಗ. ಡೇಟಾ ಎಲ್ಲೂ ಹೋಗಿರುವುದಿಲ್ಲ. ಹೊಸ ಖಾಲಿ ಕ್ಲಸ್ಟರನ್ನು ತೆಗೆದು, ಪಿಜಿ ಅಪ್‌ಗ್ರೇಡ್‌ಕ್ಲಸ್ಟರ್‌ನಿಂದ ಹಳೆಯದನ್ನು ದಾಟಿಸಿ.

ಆಲ್ಮಾ, ರಾಕಿ, ರೆಡ್ ಹ್ಯಾಟ್

ಈ ಕುಟುಂಬದ ಆಕರ್ಷಣೆ ದೀರ್ಘ ಆಯಸ್ಸು. ಆಲ್ಮಾ 8ಕ್ಕೆ 2029ರವರೆಗೆ, 9ಕ್ಕೆ 2032ರವರೆಗೆ ಸುರಕ್ಷತಾ ಅಪ್‌ಡೇಟ್. ಇನ್ನೊಂದು, ಡಿಎನ್‌ಎಫ್ ಪ್ರತಿ ವ್ಯವಹಾರದ ಇತಿಹಾಸ ಇಡುತ್ತದೆ. ಡಿಎನ್‌ಎಫ್ ಹಿಸ್ಟರಿ ಲಿಸ್ಟ್ ನೋಡಿ, ಬೇಡವಾದದ್ದರ ಸಂಖ್ಯೆ ಕೊಟ್ಟು ಅನ್‌ಡೂ ಮಾಡಬಹುದು. ಕೇಳಲು ಚೆಂದ. ಆದರೆ ಹಳೆಯ ಪ್ಯಾಕೇಜ್ ಇನ್ನೂ ರೆಪೊದಲ್ಲಿ ಇದ್ದರೆ ಮಾತ್ರ ಅನ್‌ಡೂ ನಡೆಯುತ್ತದೆ. 9.4ರಿಂದ 9.5ರಂಥ ಉಪ ಆವೃತ್ತಿ ದಾಟಿದ ಮೇಲೆ ಹಳೆಯವು ವಾಲ್ಟ್ ಎಂಬ ಹಳೆಯ ಪ್ಯಾಕೇಜ್‌ಗಳ ಉಗ್ರಾಣ ಸೇರುತ್ತವೆ. ಜಿಲಿಬ್‌ಸಿ, ಎಸ್‌ಇಲಿನಕ್ಸ್ (ಸುರಕ್ಷತಾ ಕಾವಲು) ಪಾಲಿಸಿಯಂಥ ಬುನಾದಿ ಪ್ಯಾಕೇಜ್‌ಗಳನ್ನು ಹೀಗೆ ಹಿಂದಕ್ಕೆ ಒಯ್ಯುವುದೂ ಸುರಕ್ಷಿತವಲ್ಲ. ಒಂದು ಅಪ್ಲಿಕೇಶನ್ ಪ್ಯಾಕೇಜ್ ಕೆಟ್ಟಾಗ ಅನ್‌ಡೂ ಬಹಳ ಒಳ್ಳೆಯದು, ಇಡೀ ಸಿಸ್ಟಮ್‌ಗೆ ಅದನ್ನು ನೆಚ್ಚಬೇಡಿ.

ಕರೆಂಟು ನಡುವೆ ಹೋದಾಗ ಡಿಪಿಕೆಜಿಯಷ್ಟು ಸಲೀಸಾಗಿ ಇದು ಏಳುವುದಿಲ್ಲ. ಹೊಸ ಪ್ಯಾಕೇಜ್ ಹಾಕಿ ಆಗಿರುತ್ತದೆ, ಹಳೆಯದನ್ನು ತೆಗೆಯುವುದು ಬಾಕಿ ಉಳಿದಿರುತ್ತದೆ. ಒಂದೇ ಪ್ಯಾಕೇಜಿನ ಎರಡು ಆವೃತ್ತಿ ಒಟ್ಟಿಗೆ ಕೂರುತ್ತವೆ. ಡಿಎನ್‌ಎಫ್ ಚೆಕ್ ಓಡಿಸಿದರೆ ಪಟ್ಟಿ ಸಿಗುತ್ತದೆ, ಡಿಎನ್‌ಎಫ್ ರಿಮೂವ್‌ಗೆ ಡೂಪ್ಲಿಕೇಟ್ಸ್ ಆಯ್ಕೆ ಕೊಟ್ಟರೆ ಬಹುತೇಕ ಶುದ್ಧವಾಗುತ್ತದೆ. 8ನೇ ಆವೃತ್ತಿಯಲ್ಲಿ ಪ್ಯಾಕೇಜ್‌ಗಳ ಲೆಕ್ಕ ಇಡುವ ಆರ್‌ಪಿಎಂ ಡೇಟಾಬೇಸ್ ಬರ್ಕ್‌ಲಿ ಡಿಬಿಯಲ್ಲಿದೆ, ಅದು ಸಿಕ್ಕಿಹಾಕಿಕೊಂಡರೆ ಆರ್‌ಪಿಎಂ ರೀಬಿಲ್ಡ್‌ಡಿಬಿ ಬೇಕಾಗುತ್ತದೆ. 9ರಲ್ಲಿ ಎಸ್‌ಕ್ಯುಲೈಟ್‌ಗೆ ಬದಲಾದ ಮೇಲೆ ಈ ಕಾಟ ತಗ್ಗಿದೆ. ಎಸ್‌ಎಸ್‌ಎಚ್‌ನಿಂದ ಡಿಎನ್‌ಎಫ್ ಓಡಿಸುವವರು ಸಂಪರ್ಕ ಕಡಿದರೂ ಕೆಲಸ ಮುಂದುವರಿಸುವ ಟಿಮಕ್ಸ್ ಒಳಗೆ ಓಡಿಸಲೇಬೇಕು. ಇಲ್ಲದಿದ್ದರೆ ಬ್ರಾಡ್‌ಬ್ಯಾಂಡ್ ಕಡಿದು ಸೆಷನ್ ಸತ್ತಾಗ ಅಪ್‌ಡೇಟೂ ನಡುವೆಯೇ ಸಾಯುತ್ತದೆ. ಕರೆಂಟು ಹೋದದ್ದಕ್ಕೂ ಇದಕ್ಕೂ ಫಲ ಒಂದೇ.

ಕಾನ್ಫಿಗ್ ಫೈಲ್ ವಿಷಯದಲ್ಲಿ ಎರಡು ಕುಟುಂಬಗಳ ಸ್ವಭಾವ ತೀರಾ ಬೇರೆ. ನೀವು ತಿದ್ದಿದ ಫೈಲಿಗೆ ಹೊಸ ರೂಪ ಬಂದಾಗ ಡೆಬಿಯನ್ ನಿಂತು ಕೇಳುತ್ತದೆ: ನಿನ್ನದನ್ನು ಉಳಿಸಲೇ, ಹೊಸದು ಹಾಕಲೇ? ಉತ್ತರ ಕೊಡದೆ ಎದ್ದು ಹೋದರೆ ರಾತ್ರಿಯಿಡೀ ಅಲ್ಲೇ ನಿಂತಿರುತ್ತದೆ. ಆಲ್ಮಾ ಕೇಳುವುದೇ ಇಲ್ಲ. ನಿಮ್ಮದನ್ನು ಉಳಿಸಿ, ಹೊಸದನ್ನು ಆರ್‌ಪಿಎಂನ್ಯೂ ಎಂಬ ಬಾಲ ಹಚ್ಚಿ ಪಕ್ಕದಲ್ಲಿಟ್ಟು ಸುಮ್ಮನಾಗುತ್ತದೆ. ಮುಂದೊಂದು ದಿನ ಸರ್ವಿಸ್ ಏಳದಿದ್ದಾಗ ಕಾರಣ ಅಲ್ಲಿರುತ್ತದೆ. ಪ್ರತಿ ಅಪ್‌ಡೇಟ್ ನಂತರ ಇಟಿಸಿ ಫೋಲ್ಡರಿನಲ್ಲಿ ಆರ್‌ಪಿಎಂನ್ಯೂ, ಆರ್‌ಪಿಎಂಸೇವ್ ಹುಡುಕುವುದನ್ನು ರೂಢಿ ಮಾಡಿಕೊಳ್ಳಿ.

ಬ್ಯಾಕಪ್‌ನಿಂದ ಫೈಲ್ ಮರಳಿಸಿದ ಮೇಲೆ ಸರ್ವಿಸ್ ‘ಪರ್ಮಿಷನ್ ಇಲ್ಲ’ ಎಂದರೆ ಎಸ್‌ಇಲಿನಕ್ಸ್ ಲೇಬಲ್ ತಪ್ಪಿರುತ್ತದೆ. ರಿಸ್ಟೋರ್‌ಕಾನ್ ಓಡಿಸಿದರೆ ಸಾಕು; ಎಸ್‌ಇಲಿನಕ್ಸನ್ನೇ ಆಫ್ ಮಾಡುವುದು ಚಿಕಿತ್ಸೆಯಲ್ಲ. ಆಲ್ಮಾ 8ರಲ್ಲಿ ಬಹಳ ದಿನ ಅಪ್‌ಡೇಟ್ ಮಾಡದೆ ಬಿಟ್ಟ ಮಷಿನ್ ಜಿಪಿಜಿ (ಸಹಿ ಪರೀಕ್ಷೆಯ) ದೋಷ ಕೊಟ್ಟರೆ, 2024ರ ಜನವರಿಯಲ್ಲಿ ಸಹಿಯ ಕೀ ಬದಲಾದದ್ದೇ ಕಾರಣ. ಹೊಸ ಕೀಯನ್ನು ಆರ್‌ಪಿಎಂ ಇಂಪೋರ್ಟ್‌ನಿಂದ ಸೇರಿಸಿ.

ಇದೇ ಕುಟುಂಬದ ಹಳೆಯ ಸೆಂಟ್‌ಓಎಸ್ 7 ಇನ್ನೂ ಓಡುತ್ತಿದ್ದರೆ: 2024ರ ಜೂನ್ 30ಕ್ಕೆ ಅದರ ಬೆಂಬಲ ಮುಗಿದಿದೆ, ಮಿರರ್‌ಲಿಸ್ಟ್ ವಿಳಾಸವೂ ಸಿಗುವುದಿಲ್ಲ. ರೆಪೊ ಫೈಲಿನ ವಿಳಾಸವನ್ನು ವಾಲ್ಟ್‌ಗೆ ತಿರುಗಿಸಿದರೆ ಯಮ್ (ಡಿಎನ್‌ಎಫ್‌ನ ಹಿಂದಿನ ರೂಪ) ಮತ್ತೆ ಮಾತಾಡುತ್ತದೆ, ಆದರೆ ಹೊಸ ಸುರಕ್ಷತಾ ತೇಪೆ ಒಂದೂ ಬರುವುದಿಲ್ಲ. ಆಲ್ಮಾದ ಎಲಿವೇಟ್ ಮೂಲಕ 7ರಿಂದ 8, 8ರಿಂದ 9 ಎಂದು ಮೆಟ್ಟಿಲು ಹತ್ತಬಹುದು. ಮೊದಲು ಲೀಪ್ ಪ್ರಿಅಪ್‌ಗ್ರೇಡ್ ಓಡಿಸಿ, ಅದರ ವರದಿಯಲ್ಲಿ ಇನ್‌ಹಿಬಿಟರ್ ಎಂದಿರುವ ಪ್ರತಿ ಸಾಲನ್ನೂ ಬಗೆಹರಿಸಿದ ಮೇಲೆಯೇ ಮುಂದಕ್ಕೆ ಹೋಗಿ. ಸೆಕೆಂಡ್ ಹ್ಯಾಂಡ್ ಸರ್ವರ್ ಕೊಂಡವರು ಇಲ್ಲಿ ಎರಡು ಪಟ್ಟು ಜಾಗ್ರತೆ ವಹಿಸಬೇಕು. ಪರ್ಕ್ ಎಚ್200ರಂಥ ಹಳೆಯ ರೇಡ್ ಕಾರ್ಡ್‌ಗಳಿಗೆ (ಡಿಸ್ಕ್‌ಗಳನ್ನು ಜೋಡಿಸುವ ಕಾರ್ಡ್) ರೆಡ್ ಹ್ಯಾಟ್ 8ನೇ ಆವೃತ್ತಿಯಲ್ಲೇ ಬೆಂಬಲ ತೆಗೆದಿದೆ. ಅಪ್‌ಗ್ರೇಡ್ ಮುಗಿದು ರೀಬೂಟ್ ಆದಾಗ ಡಿಸ್ಕೇ ಕಾಣದಿರಬಹುದು. ರೆಡ್ ಹ್ಯಾಟ್ 10 ಮತ್ತು ರಾಕಿ 10ಕ್ಕೆ ಇಂಟೆಲ್‌ನ ಹ್ಯಾಸ್‌ವೆಲ್ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಕಡಿಮೆ ಬೆಲೆಗೆ ಸಿಗುವ ಝಿಯಾನ್ ಇ5 ವಿ2 ಅದಕ್ಕೆ ನಡೆಯುವುದಿಲ್ಲ. ಆಲ್ಮಾ 10 ಮಾತ್ರ ಹಳೆಯ ಪ್ರೊಸೆಸರ್‌ಗಾಗಿ ಬೇರೆ ಬಿಲ್ಡ್ ಕೊಡುತ್ತದೆ. ಡೆಬಿಯನ್ 13ಕ್ಕೆ ಈ ತಕರಾರೇ ಇಲ್ಲ.

ವಿಂಡೋಸ್ ಸರ್ವರ್

ಟ್ಯಾಲಿ ಇರುವ ಕಡೆ ಚರ್ಚೆ ಇಲ್ಲಿಗೇ ಬಂದು ನಿಲ್ಲುತ್ತದೆ, ಅದು ವಿಂಡೋಸ್ ಮೇಲೆ ಓಡುವ ಸಾಫ್ಟ್‌ವೇರ್. ವೇಬ್ರಿಡ್ಜ್ ಸಾಫ್ಟ್‌ವೇರ್‌ಗಳೂ ಹೆಚ್ಚಾಗಿ ಹಾಗೆಯೇ.

ವಿಂಡೋಸ್‌ನ ಮಾಸಿಕ ಅಪ್‌ಡೇಟ್ ಒಂದೇ ಗಂಟು. ಹಿಂದಿನ ಎಲ್ಲ ತಿಂಗಳದ್ದೂ ಅದರೊಳಗೆ ಇರುತ್ತದೆ. ಒಂದು ತಿಂಗಳು ತಪ್ಪಿದರೆ ಚಿಂತೆ ಇಲ್ಲ, ಮುಂದಿನದರಲ್ಲಿ ಎಲ್ಲ ಬರುತ್ತದೆ. ಆದರೆ ಗಂಟಿನೊಳಗೆ ಒಂದೇ ಒಂದು ತೇಪೆ ನಿಮ್ಮ ಪ್ರಿಂಟರನ್ನು ಕೆಡಿಸಿದರೂ ಇಡೀ ಗಂಟನ್ನೇ ಹಿಂದಕ್ಕೆ ಕೊಡಬೇಕು. ಲಿನಕ್ಸ್‌ನಲ್ಲಿ ಒಂದು ಪ್ಯಾಕೇಜ್ ಹಿಡಿದು ನಿಲ್ಲಿಸುವ ಸೌಕರ್ಯ ಇಲ್ಲಿಲ್ಲ.

ಅರ್ಧಕ್ಕೆ ನಿಂತರೆ ವಿಂಡೋಸ್ ತಾನೇ ಹಿಂದಕ್ಕೆ ಹೋಗಲು ನೋಡುತ್ತದೆ. ಪರದೆಯಲ್ಲಿ ‘ಬದಲಾವಣೆಗಳನ್ನು ರದ್ದು ಮಾಡುತ್ತಿದೆ’ ಎಂದು ಬಂದಾಗ ಪವರ್ ಬಟನ್ ಮುಟ್ಟಬೇಡಿ. 2016 ಆವೃತ್ತಿ ಈ ಕೆಲಸದಲ್ಲಿ ತೀರಾ ನಿಧಾನ, ಗಂಟೆ ದಾಟಿದರೂ ಕಾಯಬೇಕು. ಬೂಟ್ ಆಗದೆ ಸುತ್ತುತ್ತಲೇ ಇದ್ದರೆ ರಿಕವರಿ ಪರಿಸರದ ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ, ದುರಸ್ತಿ ಕಮಾಂಡ್ ಆದ ಡಿಸ್ಮ್‌ಗೆ ಆ ಡ್ರೈವಿನ ಇಮೇಜ್ ತೋರಿಸಿ ರಿವರ್ಟ್ ಪೆಂಡಿಂಗ್ ಆಕ್ಷನ್ಸ್ ಓಡಿಸಿ. ರಿಕವರಿಯಲ್ಲಿ ಡ್ರೈವ್ ಅಕ್ಷರ ಸಿ ಬದಲು ಡಿ ಆಗಿರಬಹುದು, ಮೊದಲು ಡಿಸ್ಕ್‌ಪಾರ್ಟ್‌ನಲ್ಲಿ ನೋಡಿಕೊಳ್ಳಿ.

ಕೋಡ್‌ಗಳಲ್ಲಿ ಕೆಲವನ್ನು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. 80070070 ಎಂದರೆ ಜಾಗ ಇಲ್ಲ. 80072ಇಇ2 ಎಂದರೆ ನೆಟ್ ಟೈಮ್‌ಔಟ್. 80073712 ಎಂದರೆ ಕಾಂಪೊನೆಂಟ್ ಸ್ಟೋರ್ (ವಿಂಡೋಸ್ ತನ್ನ ಫೈಲ್‌ಗಳನ್ನು ಇಡುವ ಉಗ್ರಾಣ) ಕೆಟ್ಟಿದೆ. ಇದಕ್ಕೆ ಡಿಸ್ಮ್‌ನ ರಿಸ್ಟೋರ್‌ಹೆಲ್ತ್ ಮೊದಲು, ಎಸ್‌ಎಫ್‌ಸಿ ಸ್ಕ್ಯಾನ್‌ನೌ ಆಮೇಲೆ. ಈ ಕ್ರಮ ತಿರುವುಮುರುವಾದರೆ ಕೆಟ್ಟ ಸ್ಟೋರ್‌ನಿಂದಲೇ ಫೈಲ್ ತೆಗೆದು ತೇಪೆ ಹಾಕಿದಂತಾಗುತ್ತದೆ. ನೆಟ್ ದುರ್ಬಲವಾಗಿದ್ದರೆ ರಿಸ್ಟೋರ್‌ಹೆಲ್ತ್‌ಗೆ ಅದೇ ಆವೃತ್ತಿಯ ಐಎಸ್‌ಒದಲ್ಲಿನ ಇನ್‌ಸ್ಟಾಲ್ ವಿಮ್ ಫೈಲನ್ನು ಸೋರ್ಸ್ ಆಗಿ ಕೊಡಿ. 2024ರ ಜನವರಿಯ ರಿಕವರಿ ಅಪ್‌ಡೇಟ್ ಸರ್ವರ್ 2022ರಲ್ಲಿ 80070643 ಕೊಟ್ಟು ನಿಂತದ್ದಕ್ಕೆ ಕಾರಣ ರಿಕವರಿ ಪಾರ್ಟಿಷನ್ ಚಿಕ್ಕದಿದ್ದದ್ದು. ಅಲ್ಲಿ 250 ಎಂಬಿ ಖಾಲಿ ಬೇಕಿತ್ತು. ಡೌನ್‌ಲೋಡೇ ಸಿಕ್ಕಿಕೊಂಡಿದ್ದರೆ ವಿಂಡೋಸ್ ಅಪ್‌ಡೇಟ್, ಬಿಟ್ಸ್, ಕ್ರಿಪ್ಟೋ ಸರ್ವಿಸ್ ಮೂರನ್ನೂ ನಿಲ್ಲಿಸಿ, ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಫೋಲ್ಡರಿನ ಹೆಸರು ಬದಲಿಸಿ, ಮತ್ತೆ ಚಾಲೂ ಮಾಡಿ.

ತೆಗೆಯುವ ವಿಷಯದಲ್ಲಿ ಒಂದು ಎಚ್ಚರಿಕೆ. ಈಗಿನ ಗಂಟುಗಳಲ್ಲಿ ಸರ್ವಿಸಿಂಗ್ ಸ್ಟಾಕ್ (ಅಪ್‌ಡೇಟ್ ಹಾಕುವ ಭಾಗ) ಒಟ್ಟಿಗೇ ಬರುವುದರಿಂದ ವುಸಾ ಅನ್‌ಇನ್‌ಸ್ಟಾಲ್ ಕೆಲಸ ಮಾಡುವುದಿಲ್ಲ. ಡಿಸ್ಮ್‌ನಲ್ಲಿ ಗೆಟ್ ಪ್ಯಾಕೇಜಸ್ ಓಡಿಸಿ, ಮಾಸಿಕ ಅಪ್‌ಡೇಟಿನ ಪೂರ್ತಿ ಹೆಸರು ಹಿಡಿದು ರಿಮೂವ್ ಪ್ಯಾಕೇಜ್ ಮಾಡಬೇಕು. ಜಾಗ ಉಳಿಸಲೆಂದು ಕಾಂಪೊನೆಂಟ್ ಕ್ಲೀನಪ್‌ಗೆ ರೀಸೆಟ್‌ಬೇಸ್ ಆಯ್ಕೆ ಕೊಟ್ಟಿದ್ದರೆ ಆ ದಾರಿಯೂ ಮುಚ್ಚಿತು. ಅಲ್ಲಿಯವರೆಗೆ ಹಾಕಿದ ಯಾವ ಅಪ್‌ಡೇಟನ್ನೂ ತೆಗೆಯಲಾಗದು. ಸಿ ಡ್ರೈವ್‌ಗೆ 60 ಜಿಬಿ ಕೊಟ್ಟು ರೀಸೆಟ್‌ಬೇಸ್ ಮಾಡುತ್ತಾ ಕೂರುವುದಕ್ಕಿಂತ ಮೊದಲೇ 120 ಜಿಬಿ ಕೊಡುವುದು ಲೇಸು.

ಅವಧಿ: 2012 ಆರ್2 ಸತ್ತು 2023ರ ಅಕ್ಟೋಬರ್ ಆಯಿತು. 2016ಕ್ಕೆ 2027ರ ಜನವರಿ 12 ಕೊನೆ. 2019ಕ್ಕೆ 2029, 2022ಕ್ಕೆ 2031. ಈಗ ಹೊಸದಾಗಿ 2016 ಹಾಕಿಕೊಡುತ್ತೇವೆ ಎನ್ನುವವರಿಗೆ ಬೇಡ ಎನ್ನಿ.

ಫ್ರೀಬಿಎಸ್‌ಡಿ ಎಂಬ ಇನ್ನೊಂದು ಓಎಸ್ ಬಗ್ಗೆ ಒಂದು ಮಾತು. ಝಡ್‌ಎಫ್‌ಎಸ್ ಬೂಟ್ ಎನ್ವಿರಾನ್‌ಮೆಂಟ್‌ನಿಂದ ಅದು ಕೊಡುವ ಹಿಂದಿರುಗುವ ದಾರಿ ಎಲ್ಲಕ್ಕಿಂತ ಚೊಕ್ಕ: ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿದರೆ ಮುಗಿಯಿತು. ಆದರೆ ಇಲ್ಲಿ ಬೇಕಾಗುವ ಬಿಲ್ಲಿಂಗ್ ಸಾಫ್ಟ್‌ವೇರ್ ಅದರ ಮೇಲೆ ಓಡುವುದಿಲ್ಲ, ಕರೆದರೆ ಬರುವ ಕೈಗಳೂ ಸಿಗುವುದು ಕಷ್ಟ.

ಹಿಂದಿರುಗುವ ದಾರಿ: ಓಎಸ್ ಹಾಕಿದ ದಿನದ ಕೆಲಸ

ಉಬುಂಟು ಸರ್ವರ್ ಇನ್‌ಸ್ಟಾಲರ್ ಎಲ್‌ವಿಎಂ (ಡಿಸ್ಕ್ ಜಾಗವನ್ನು ಹಂಚುವ ವ್ಯವಸ್ಥೆ) ಹಾಕುವಾಗ ದೊಡ್ಡ ಡಿಸ್ಕ್ ಇದ್ದರೂ ರೂಟ್‌ಗೆ 100 ಜಿಬಿ ಮಾತ್ರ ಕೊಟ್ಟು ಉಳಿದದ್ದನ್ನು ಖಾಲಿ ಬಿಡುತ್ತದೆ. ಬಹಳ ಮಂದಿ ಇದನ್ನು ತಪ್ಪೆಂದು ತಿಳಿದು ಎಲ್ಲವನ್ನೂ ರೂಟ್‌ಗೆ ಸೇರಿಸಿಬಿಡುತ್ತಾರೆ. ಸೇರಿಸಬೇಡಿ, ಕನಿಷ್ಠ 20 ಜಿಬಿ ಉಳಿಸಿ. ಅಪ್‌ಡೇಟ್‌ಗೆ ಮೊದಲು ಡೇಟಾಬೇಸ್ ನಿಲ್ಲಿಸಿ, ಎಲ್‌ವಿಕ್ರಿಯೇಟ್‌ನಿಂದ 15 ಜಿಬಿಯ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಗುರುತು) ತೆಗೆಯಿರಿ. ಕೆಟ್ಟರೆ ಎಲ್‌ವಿಕನ್ವರ್ಟ್ ಮರ್ಜ್ ಮಾಡಿ ರೀಬೂಟ್ ಮಾಡಿದರೆ ರೂಟ್ ನಿನ್ನೆಗೆ ಮರಳುತ್ತದೆ. ಬೂಟ್ ಪಾರ್ಟಿಷನ್ ಎಲ್‌ವಿಎಂ ಹೊರಗಿರುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ರೂಟ್ ಹಿಂದಕ್ಕೆ ಹೋಗಿ ಬೂಟ್ ಮುಂದೆಯೇ ಉಳಿದರೆ ಹೊಸ ಕರ್ನಲ್‌ಗೆ ಅದರ ಮಾಡ್ಯೂಲ್‌ಗಳು ಸಿಗದೆ ನೆಟ್‌ವರ್ಕ್ ಕಾರ್ಡೇ ಕಾಣದಂತಾಗುತ್ತದೆ. ಸ್ನ್ಯಾಪ್‌ಶಾಟ್ ತೆಗೆಯುವ ಮುನ್ನವೇ ಬೂಟ್ ಫೋಲ್ಡರನ್ನು ಟಾರ್ ಮಾಡಿ ಬೇರೆ ಡಿಸ್ಕಿನಲ್ಲಿಡಿ. ಎಲ್ಲ ಸರಿ ಹೋದರೆ ಎರಡು ದಿನದೊಳಗೆ ಸ್ನ್ಯಾಪ್‌ಶಾಟ್ ಅಳಿಸಿ, ಅದು ತುಂಬಿಬಿಟ್ಟರೆ ತಾನೇ ನಿರುಪಯೋಗಿಯಾಗುತ್ತದೆ.

ಆಲ್ಮಾ, ರಾಕಿ ಇನ್‌ಸ್ಟಾಲರ್ ಇದಕ್ಕೆ ಉಲ್ಟಾ. ತಾನಾಗಿ ಬಿಟ್ಟರೆ ರೂಟ್‌ಗೆ 70 ಜಿಬಿ ಕೊಟ್ಟು ಮಿಕ್ಕ ಎಲ್ಲವನ್ನೂ ಹೋಮ್‌ಗೆ ಕೊಡುತ್ತದೆ, ಸ್ನ್ಯಾಪ್‌ಶಾಟ್‌ಗೆ ಒಂದು ಎಂಬಿಯೂ ಉಳಿಯುವುದಿಲ್ಲ. ಅದು ಹಾಕುವ ಎಕ್ಸ್‌ಎಫ್‌ಎಸ್ ಅನ್ನು ಆಮೇಲೆ ಕುಗ್ಗಿಸಲೂ ಬರುವುದಿಲ್ಲ. ಆದ್ದರಿಂದ ಕೈಯಿಂದಲೇ ಪಾರ್ಟಿಷನ್ ಮಾಡಿ, 20 ಜಿಬಿ ಖಾಲಿ ಬಿಡಿ. ಹಾಕಿದ ದಿನದ ಹತ್ತು ನಿಮಿಷದ ಈ ಕೆಲಸ ತಪ್ಪಿದರೆ ಆಮೇಲೆ ಈ ದಾರಿ ಮಾಡಿಕೊಳ್ಳುವುದು ಬಹಳ ಕಷ್ಟ.

ಉಬುಂಟು, ಡೆಬಿಯನ್‌ನಲ್ಲಿ ಒಂದೇ ಪ್ಯಾಕೇಜ್ ಹಿಂದಕ್ಕೆ ಒಯ್ಯಬೇಕಾದರೆ ಹಳೆಯ ಡೆಬ್ ಫೈಲ್ ಬೇಕು. ಆಪ್ಟ್ ಎಂಬ ಕಮಾಂಡ್ ಇನ್‌ಸ್ಟಾಲ್ ಆದ ಕೂಡಲೇ ಆ ಫೈಲ್ ಅಳಿಸುತ್ತದೆ, ಆಪ್ಟ್‌ಗೆಟ್ ಅಳಿಸುವುದಿಲ್ಲ. ಸರ್ವರ್‌ನಲ್ಲಿ ಆಪ್ಟ್‌ಗೆಟ್ ಬಳಸಿ, ಕ್ಲೀನ್ ಓಡಿಸಬೇಡಿ. ಡೆಬಿಯನ್‌ಗೆ ಸ್ನ್ಯಾಪ್‌ಶಾಟ್ ಆರ್ಕೈವ್‌ನಲ್ಲಿ ಹಳೆಯದೆಲ್ಲ ಸಿಗುತ್ತದೆ ಎಂಬುದು ಹೆಚ್ಚುವರಿ ಲಾಭ.

ವಿಂಡೋಸ್‌ಗೆ ಡಬ್ಲ್ಯುಬಿಅಡ್ಮಿನ್‌ನಲ್ಲಿ ಆಲ್ ಕ್ರಿಟಿಕಲ್ ಆಯ್ಕೆ ಕೊಟ್ಟು ಹೊರಗಿನ ಡಿಸ್ಕಿಗೆ ಬ್ಯಾಕಪ್. ಇದಕ್ಕಿಂತ ಎಷ್ಟೋ ಒಳ್ಳೆಯದು ವಿಂಡೋಸನ್ನು ವರ್ಚುವಲ್ ಮಷಿನ್ ಒಳಗೆ ಇಡುವುದು: ಆಗ ಸ್ನ್ಯಾಪ್‌ಶಾಟ್, ಮರಳುವಿಕೆ ಎರಡೂ ಬಹುತೇಕ ನಿಮಿಷಗಳ ಕೆಲಸ.

ಯಾವಾಗ ಮಾಡುವುದು

ಮೈಕ್ರೋಸಾಫ್ಟ್ ಅಪ್‌ಡೇಟ್ ಬರುವುದು ತಿಂಗಳ ಎರಡನೇ ಮಂಗಳವಾರ, ನಮಗೆ ರಾತ್ರಿ ಹತ್ತೂವರೆ ದಾಟಿದ ಮೇಲೆ. ಆ ದಿನ 8ರಿಂದ 14ನೇ ತಾರೀಖಿನ ನಡುವೆ ಬೀಳುತ್ತದೆ. ಬಂದ ತಕ್ಷಣ ಹಾಕಬೇಡಿ. 2024ರ ಮಾರ್ಚ್ 12ರ ಅಪ್‌ಡೇಟ್ ಡೊಮೇನ್ ಕಂಟ್ರೋಲರ್‌ಗಳಲ್ಲಿ (ಕಚೇರಿಯ ಎಲ್ಲ ಲಾಗಿನ್ ನೋಡಿಕೊಳ್ಳುವ ಸರ್ವರ್) ಎಲ್‌ಎಸ್‌ಎಎಸ್‌ಎಸ್ ಎಂಬ ಪ್ರೋಗ್ರಾಂನ ಮೆಮೊರಿ ಸೋರಿಕೆ ತಂದು ಸರ್ವರ್‌ಗಳು ತಾವೇ ರೀಬೂಟ್ ಆದವು. ಸರಿಪಡಿಸಿದ ಅಪ್‌ಡೇಟ್ ಬಂದದ್ದು 22ಕ್ಕೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್ 1ಕ್ಕೆ 11, ಜಿಎಸ್‌ಟಿಆರ್ 3ಬಿಗೆ 20 ಕೊನೆಯ ದಿನ. ಎರಡನ್ನೂ ಕೂಡಿಸಿ ನೋಡಿದರೆ 20 ಕಳೆದ ಮೇಲಿನ ಮೊದಲ ಭಾನುವಾರವೇ ಸರಿಯಾದ ದಿನ. ಅಷ್ಟರಲ್ಲಿ ಅಪ್‌ಡೇಟಿನ ದೋಷಗಳೂ ಹೊರಬಿದ್ದಿರುತ್ತವೆ, ರಿಟರ್ನ್‌ಗಳೂ ಸಲ್ಲಿಕೆಯಾಗಿರುತ್ತವೆ. ತುರ್ತು ತೇಪೆಗಳಿಗೆ ಈ ಲೆಕ್ಕ ಬೇಡ, ಇಂಟರ್ನೆಟ್‌ಗೆ ತೆರೆದಿರುವ ಸರ್ವರ್ ಆದರಂತೂ ಕಾಯಲೇಬಾರದು.

ಆವೃತ್ತಿ ದಾಟುವ ದೊಡ್ಡ ಕೆಲಸಕ್ಕೆ ಬೆಳೆಯ ಕಾಲ ನೋಡಿ. ಭತ್ತದ ನಾಡಿನ ಮಿಲ್ಲುಗಳು ನವೆಂಬರ್–ಡಿಸೆಂಬರ್, ಏಪ್ರಿಲ್–ಮೇ ಬಿಡಬೇಕು. ಹತ್ತಿಯವರು ಅಕ್ಟೋಬರ್‌ನಿಂದ ಫೆಬ್ರವರಿ ಮುಟ್ಟಬಾರದು. ಮಾರ್ಚ್ ಲೆಕ್ಕ ಮುಗಿಸುವ ತಿಂಗಳು, ಅದೂ ಬೇಡ. ಜುಲೈ–ಆಗಸ್ಟ್ ಎಲ್ಲರಿಗೂ ಒಪ್ಪುವ ಕಾಲ.

ಯುಪಿಎಸ್ ಮೇಲೆ ಅತಿ ಭರವಸೆ ಬೇಡ. 7 ಎಎಚ್‌ನ ಎರಡು ಬ್ಯಾಟರಿ ಇರುವ 1 ಕೆವಿಎ ಯುಪಿಎಸ್ 200 ವ್ಯಾಟ್ ಎಳೆಯುವ ಸರ್ವರನ್ನು ಹೊಸದರಲ್ಲಿ 20 ನಿಮಿಷದ ಆಸುಪಾಸು ಹಿಡಿಯುತ್ತದೆ. 25 ಡಿಗ್ರಿಗೆ ಲೆಕ್ಕ ಹಾಕಿದ ಬ್ಯಾಟರಿಯ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧವಾಗುತ್ತದೆ. ಎಸಿ ಇಲ್ಲದ ಕೋಣೆಯಲ್ಲಿ ಎರಡು ಬೇಸಿಗೆ ಕಂಡ ಬ್ಯಾಟರಿ ಐದು ನಿಮಿಷಕ್ಕೇ ಕೈಬಿಡಬಹುದು. ಆವೃತ್ತಿ ಅಪ್‌ಗ್ರೇಡ್‌ಗೆ ಗಂಟೆಗೂ ಹೆಚ್ಚು ಬೇಕು. ಜೆಸ್ಕಾಂ ಕರೆಂಟು ಹೋದರೆ ಜನರೇಟರ್ ಹಚ್ಚುವವರು ಸ್ಥಳದಲ್ಲಿದ್ದಾಗ ಮಾತ್ರ ಶುರು ಮಾಡಿ.

ಹಾಗಾದರೆ ಯಾವುದು

ಟ್ಯಾಲಿ, ವೇಬ್ರಿಡ್ಜ್ ಮಾತ್ರ ಇರುವ ಕಡೆ: ವರ್ಚುವಲ್ ಮಷಿನ್‌ಗಳನ್ನು ಓಡಿಸುವ, ಡೆಬಿಯನ್ ಆಧಾರದ ಪ್ರಾಕ್ಸ್‌ಮಾಕ್ಸ್ ಕೆಳಗೆ, ವಿಂಡೋಸ್ ಸರ್ವರ್ 2022 ಅದರೊಳಗೆ. ಮೆಮೊರಿ 16 ಜಿಬಿ ಇದ್ದರೆ ಧಾರಾಳವಾಗಿ ನಡೆಯುತ್ತದೆ. ವೇಬ್ರಿಡ್ಜ್‌ನ ಸೀರಿಯಲ್ ಕೇಬಲ್ಲನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ವರ್ಚುವಲ್ ಮಷಿನ್ನಿಗೆ ಕೊಟ್ಟು ಮೊದಲೇ ಪರೀಕ್ಷಿಸಿ. ವಿಂಡೋಸನ್ನು ನೇರವಾಗಿ ಯಂತ್ರದ ಮೇಲೆ ಹಾಕುವುದು ನಮ್ಮ ಪ್ರಕಾರ ಎರಡನೇ ಆಯ್ಕೆ.

ಆಸ್ಪತ್ರೆ, ಸೊಸೈಟಿ, ಕಾಲೇಜುಗಳ ವೆಬ್ ಆಧಾರಿತ ಸಾಫ್ಟ್‌ವೇರ್‌ಗೆ ಡೆಬಿಯನ್ 13. ಹಳೆಯ ಯಂತ್ರಕ್ಕೂ ಒಪ್ಪುತ್ತದೆ, ಕರೆಂಟು ಹೋದಾಗ ಬೇಗ ಏಳುತ್ತದೆ, ಹಳೆಯ ಪ್ಯಾಕೇಜ್ ಸಿಗುತ್ತದೆ. ಸಾಫ್ಟ್‌ವೇರ್ ಕೊಟ್ಟವರು ಉಬುಂಟು ಮೇಲೆ ಮಾತ್ರ ಬೆಂಬಲ ಕೊಡುತ್ತೇವೆ ಎಂದರೆ ವಾದ ಮಾಡದೆ 24.04 ಹಾಕಿ, ಟೈಮರ್ ಸರಿಸಿ, ಬ್ಲ್ಯಾಕ್‌ಲಿಸ್ಟ್ ಬರೆಯಿರಿ. ಕಾಲೇಜ್ ಲ್ಯಾಬಿನಲ್ಲಿ ಹತ್ತಾರು ಉಬುಂಟು ಮಷಿನ್ ಇದ್ದರೆ ಒಂದರಲ್ಲಿ ಆಪ್ಟ್ ಕ್ಯಾಷರ್ ಎನ್‌ಜಿ ಇಡಿ, ಪ್ರತಿ ಪ್ಯಾಕೇಜ್ ಒಂದೇ ಸಲ ಇಳಿಯುತ್ತದೆ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗಳಿಗೆ ಸರಬರಾಜು ಮಾಡುವವರಂತೆ ಒರಾಕಲ್, ಎಸ್‌ಎಪಿ ಸುತ್ತ ಕೆಲಸ ಮಾಡುವವರು ಸಾಫ್ಟ್‌ವೇರ್ ಪ್ರಮಾಣಪತ್ರ ಏನು ಹೇಳುತ್ತದೆಯೋ ಅದರಂತೆ ರೆಡ್ ಹ್ಯಾಟ್ ಕಡೆಗೇ ಹೋಗಬೇಕು. ಒಮ್ಮೆ ಹಾಕಿದರೆ ವರ್ಷಗಟ್ಟಲೆ ಆವೃತ್ತಿ ಮುಟ್ಟುವುದೇ ಬೇಡ ಎನ್ನುವವರಿಗೆ ಆಲ್ಮಾ 9, ಆದರೆ ಒಳ್ಳೆಯ ಯುಪಿಎಸ್ ಜೊತೆಗೆ ಮಾತ್ರ.

ಯಾವುದನ್ನೇ ಆರಿಸಿ, ಸರ್ವರ್ ಪಕ್ಕದಲ್ಲಿ ಒಂದು 32 ಜಿಬಿ ಪೆನ್‌ಡ್ರೈವ್ ಇರಲಿ. ಅದರಲ್ಲಿ ನೀವು ಬಳಸುವ ಆವೃತ್ತಿಯದೇ ಐಎಸ್‌ಒ, ರೇಡ್ ಕಾರ್ಡಿನ ಡ್ರೈವರ್, ಪಾರ್ಟಿಷನ್‌ಗಳ ಪಟ್ಟಿ, ಐಪಿ ವಿವರ ಇರಬೇಕು. ಆರು ತಿಂಗಳಿಗೊಮ್ಮೆ ಅದರಿಂದ ಬೂಟ್ ಮಾಡಿ ಸರ್ವರಿನ ಡಿಸ್ಕ್ ಕಾಣುತ್ತದೆಯೇ ಎಂದು ನೋಡಿ. ಕಾಣದಿದ್ದರೆ ಅಂದೇ ಸರಿಯಾದ ಡ್ರೈವರ್ ಹುಡುಕಿ ಹಾಕಿಡಿ.